ಶೇಂಗಾ ಒಣಗಿದರೂ ವಿಮೆ ಬರುವುದಿಲ್ಲವೇಕೆ?

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಳೆ ನಂಬಿ ಶೇಂಗಾ ಬಿತ್ತುವ ಸಣ್ಣ ರೈತರ ಪ್ರಶ್ನೆ ಹಳೆಯದು: ಹೊಲ ಒಣಗಿದೆ, ವಿಮೆ ದುಡ್ಡು ಯಾಕೆ ಬಂದಿಲ್ಲ? ಇಳುವರಿ ನಷ್ಟವನ್ನು ಸರ್ಕಾರದ ಬೆಳೆ ವಿಮೆ ಯೋಜನೆಗಳು ಒಬ್ಬೊಬ್ಬರ ಹೊಲದಲ್ಲಿ ಅಳೆದದ್ದೇ ಇಲ್ಲ. ಒಂದು ಪ್ರದೇಶಕ್ಕೆ ಒಂದೇ ಲೆಕ್ಕ.

1985ರ ಸಮಗ್ರ ಬೆಳೆ ವಿಮೆ ಬೆಳೆ ಸಾಲ ಪಡೆದವರಿಗಷ್ಟೇ ಇತ್ತು. 1999ರ ಹಿಂಗಾರಿನಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮೆ ಸಾಲವಿಲ್ಲದವರನ್ನೂ ಸೇರಿಸಿಕೊಂಡಿತು, ಆದರೆ ಘಟಕ, ಅಂದರೆ ಒಂದೇ ಲೆಕ್ಕಕ್ಕೆ ಬರುವ ಪ್ರದೇಶ, ದೊಡ್ಡದು. ನಾಯಕನಹಟ್ಟಿಯಂಥ ಹೋಬಳಿಯಲ್ಲಿ ಒಂದು ಮಗ್ಗುಲಿಗೆ ಹದ ಮಳೆಯಾಗಿ ಇನ್ನೊಂದು ಮಗ್ಗುಲು ಒಣಗಿದರೆ, ಹೋಬಳಿಯ ಸರಾಸರಿಯಲ್ಲಿ ಒಣಗಿದ್ದು ಕಾಣುವುದೇ ಇಲ್ಲ. 2016ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕ ಮಾಡಿತು. ಮುಂಗಾರಿಗೆ ರೈತರ ಕಂತು ವಿಮಾ ಮೊತ್ತದ ಶೇ 2. ನಿಜವಾಗಿ ದೊಡ್ಡ ಸುಧಾರಣೆ ಇದು. 2020ರಿಂದ ಸಾಲಗಾರರಿಗೂ ವಿಮೆ ಕಡ್ಡಾಯವಲ್ಲ.

ಈಗ ಎಲ್ಲವೂ ನಿಂತಿರುವುದು ಬೆಳೆ ಕಟಾವು ಪ್ರಯೋಗದ ಮೇಲೆ. ಪಂಚಾಯಿತಿಗೆ ಒಂದು ಬೆಳೆಗೆ 4 ಪ್ರಯೋಗ. ಚೀಟಿ ಎತ್ತಿದಂತೆ ಆಯ್ಕೆಯಾದ ಸರ್ವೆ ನಂಬರಿನಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲ ಹಗ್ಗ ಹಿಡಿದು, ಗಿಡ ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಕಾಯಿಗೆ ಮೆತ್ತಿದ ಮಣ್ಣು ಕೊಡವದೆ ತೂಗಿದರೆ, ಹಸಿ ತೂಕದಿಂದ ಒಣ ತೂಕಕ್ಕೆ ಇಳಿಸುವಲ್ಲಿ ತಪ್ಪಿದರೆ, ಇಳುವರಿ ಹೆಚ್ಚೆಂದು ದಾಖಲಾಗಿ ಇಡೀ ಪಂಚಾಯಿತಿಯ ಪರಿಹಾರ ಕುಸಿಯುತ್ತದೆ. ಶೇಂಗಾದಲ್ಲಿ ಇನ್ನೊಂದು ತೊಡಕಿದೆ. ಗಿಡ ಹಸಿರಾಗಿಯೇ ಇರುತ್ತದೆ, ಕಿತ್ತರೆ ಬುಡದಲ್ಲಿ ಜೊಳ್ಳು. ದಾರಿಯಲ್ಲಿ ನಿಂತು ಅಂದಾಜು ಮಾಡಿದರೆ ಮೋಸಹೋಗುವುದು ಖಚಿತ. ಅದಕ್ಕೇ ತೂಗುವ ದಿನ ರೈತರು ಸ್ಥಳದಲ್ಲಿರಬೇಕು.

ಪ್ರಯೋಗದ ಇಳುವರಿಯನ್ನು ಪ್ರಾರಂಭಿಕ ಇಳುವರಿಗೆ, ಅಂದರೆ ಯಾವುದಕ್ಕಿಂತ ಕಡಿಮೆಯಾದರೆ ನಷ್ಟವೆಂದು ಎಣಿಸುತ್ತಾರೋ ಆ ಮಟ್ಟಕ್ಕೆ, ಹೋಲಿಸುತ್ತಾರೆ. ಅದು ಎಕರೆಗೆ 500 ಕೆ.ಜಿ. ಎಂದಿಟ್ಟುಕೊಳ್ಳಿ, ಸಿಕ್ಕಿದ್ದು 350 ಆದರೆ ಕೊರತೆ ಶೇ 30, ವಿಮಾ ಮೊತ್ತದಲ್ಲಿ ಅಷ್ಟು ಭಾಗ ಪರಿಹಾರ. ಈ ಪ್ರಾರಂಭಿಕ ಇಳುವರಿ ಹುಟ್ಟುವುದು ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ. ಬರ ಮೇಲಿಂದ ಮೇಲೆ ಬೀಳುವ ಚಿತ್ರದುರ್ಗದಲ್ಲಿ ಆ ಐದರಲ್ಲೂ ಕೆಟ್ಟ ವರ್ಷ ನುಸುಳುತ್ತದೆ, ಸರಾಸರಿ ಇಳಿಯುತ್ತದೆ, ಪರಿಹಾರ ಸಣ್ಣದಾಗುತ್ತದೆ. ಬರಪೀಡಿತ ಜಿಲ್ಲೆಗೇ ಅನ್ಯಾಯವಾಗುವ ಈ ಲೆಕ್ಕವನ್ನು ಬದಲಿಸಲೇಬೇಕು.

ಇತ್ತೀಚಿನ ತಲೆನೋವು ಬೆಳೆ ಸಮೀಕ್ಷೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಎಂದು ಫೋಟೊ ತೆಗೆದು ದಾಖಲಿಸುವುದು. ವಿಮೆ ಶೇಂಗಾಕ್ಕೆ, ಸಮೀಕ್ಷೆಯಲ್ಲಿ ತೊಗರಿ ಎಂದಿದ್ದರೆ ಅರ್ಜಿ ತಿರಸ್ಕಾರ. ಶೇಂಗಾದ ನಡುವೆ ತೊಗರಿ ಅಕ್ಕಡಿ ಹಾಕುವ ಹೊಲಗಳಲ್ಲಿ ಹೀಗಾಗುವುದು ಸಹಜ. ಫೋಟೊ ತೆಗೆಯುವಾಗಲೇ ಮಿಶ್ರ ಬೆಳೆ ಎಂದು ಎರಡನ್ನೂ ನಮೂದಿಸಬೇಕು. ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ.

ಒಬ್ಬೊಬ್ಬರ ಹೊಲವನ್ನೇ ನೋಡುವ ಅವಕಾಶವೂ ಇದೆ. ಶೇಂಗಾ ಕಿತ್ತು ಹೊಲದಲ್ಲೇ ಒಣಗಲು ಬಿಟ್ಟ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿ ಕೆಟ್ಟರೆ, 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಫೋಟೊ ತೆಗೆದಿಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಪರಿಶೀಲನೆಗೆ ಬರುವವರೆಗೆ ಬಳ್ಳಿ ಒಟ್ಟಬೇಡಿ.