ಮೊದಲು ಮ್ಯಾಗಜೀನ್ ತೋರಿಸಿ

‘ಕೊನೆಯ ಗುಂಡು ಹಾರಿದ ಮೇಲೂ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲ. ಸ್ಲೈಡ್ ಸ್ಟಾಪ್ ಸವೆದಿದೆ, ಹೊಸದು ಹಾಕಿಕೊಡಿ.’ ಪಿಸ್ತೂಲನ್ನು ರಿಪೇರಿಗೆ ತಂದು ಹೀಗೆ ರೋಗವನ್ನೂ ಮದ್ದನ್ನೂ ತಾವೇ ಹೇಳಿಬಿಡುವವರನ್ನು ನಾನು ಮೊದಲು ಕೇಳುವುದು, ಗುಂಡು ತುಂಬುವ ಮ್ಯಾಗಜೀನ್ ಎಲ್ಲಿ ಎಂದು. ಅನೇಕರು ಅದನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಸ್ಲೈಡ್ ಎಂದರೆ ಪ್ರತಿ ಗುಂಡಿಗೂ ಹಿಂದೆ ಸರಿದು ಮುಂದೆ ಬರುವ ಪಿಸ್ತೂಲಿನ ಮೇಲ್ಭಾಗ; ಗುಂಡು ಮುಗಿದಾಗ ಅದನ್ನು ಹಿಂದೆಯೇ ತಡೆದು ನಿಲ್ಲಿಸುವ ಪುಟ್ಟ ಸನ್ನೆಯೇ ಸ್ಲೈಡ್ ಸ್ಟಾಪ್. ಅದು ತಾನಾಗಿ ಮೇಲೇಳುವುದಿಲ್ಲ. ಅದಕ್ಕೊಂದು ಸ್ಪ್ರಿಂಗ್ ಇದೆ, ನಿಜ. ಆದರೆ ಆ ಸ್ಪ್ರಿಂಗ್ ಇರುವುದು ಸ್ಟಾಪನ್ನು ಎತ್ತುವುದಕ್ಕಲ್ಲ, ಕೆಳಗೆ ಹಿಡಿದಿಡುವುದಕ್ಕೆ. ಇಲ್ಲವಾದರೆ ಗುಂಡು ಹಾರಿದಾಗಿನ ಒದೆತಕ್ಕೆ ಅದು ನಡುವೆಯೇ ಎದ್ದು ಸ್ಲೈಡನ್ನು ಕಚ್ಚಿಬಿಟ್ಟೀತು. ಎತ್ತುವ ಕೆಲಸ ಮ್ಯಾಗಜೀನಿನೊಳಗೆ ಗುಂಡುಗಳನ್ನು ಹೊತ್ತಿರುವ ಫಾಲೋವರಿನದು. ಮ್ಯಾಗಜೀನ್ ಬರಿದಾದಾಗ ಫಾಲೋವರಿನ ಅಂಚು, ಪಿಸ್ತೂಲಿನ ಕೆಳಮೈಯಾದ ಫ್ರೇಮಿನೊಳಕ್ಕೆ ಚಾಚಿಕೊಂಡಿರುವ ಸ್ಟಾಪಿನ ಪುಟ್ಟ ಮೂಗನ್ನು ಕೆಳಗಿನಿಂದ ನೂಕುತ್ತದೆ. ಹಿಂದೆ ಸರಿದ ಸ್ಲೈಡಿನ ಕಚ್ಚಿಗೆ ಸ್ಟಾಪ್ ಸಿಕ್ಕಿಕೊಳ್ಳುತ್ತದೆ. ಅಂದರೆ ಫಾಲೋವರನ್ನು ಮೇಲಕ್ಕೊತ್ತುವ ಮ್ಯಾಗಜೀನಿನ ಸ್ಪ್ರಿಂಗ್ ಸ್ಟಾಪಿನ ಸ್ಪ್ರಿಂಗನ್ನು ಗೆಲ್ಲಲೇಬೇಕು. ಮ್ಯಾಗಜೀನಿನದು ಸೊರಗಿದ್ದರೆ ಸ್ಟಾಪ್ ಎಷ್ಟು ಹೊಸದಾದರೇನು?

ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ‘1911’ ಮಾದರಿಯ ಪಿಸ್ತೂಲನ್ನೇ ನೋಡಿ. ಎಡಬದಿಯ ಸಣ್ಣ ಕೊಳವೆಯಲ್ಲಿ ಒಂದೇ ಸ್ಪ್ರಿಂಗ್, ಎರಡು ತುದಿಗೆ ಎರಡು ಪ್ಲಂಜರ್, ಅಂದರೆ ಒತ್ತುವ ಪುಟ್ಟ ಕಡ್ಡಿ: ಮುಂದಿನದು ಸ್ಟಾಪನ್ನು ಒತ್ತುತ್ತದೆ, ಹಿಂದಿನದು ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು. ಸ್ಟಾಪಿನ ಅಡ್ಡಪಿನ್ ಬ್ಯಾರೆಲಿನ ಕೆಳಗಿನ ಲಿಂಕ್ ಎಂಬ ಕೊಂಡಿಯ ತೂತಿನಲ್ಲೂ ಹಾದುಹೋಗುತ್ತದೆ, ಬ್ಯಾರೆಲ್ ಏರಿಳಿಯುವುದು ಅದರ ಆಸರೆಯಲ್ಲೇ. ಮರುಜೋಡಿಸುವಾಗ ಪ್ಲಂಜರನ್ನು ಒಳಗೆ ಅದುಮದೆ ಸ್ಟಾಪನ್ನು ಬಲವಂತವಾಗಿ ತಿರುಗಿಸಿ ನೂಕಿದರೆ ಫ್ರೇಮಿನ ಮೇಲೆ ಬಿಲ್ಲಿನಂಥ ಗೀರು ಬೀಳುತ್ತದೆ. ಆ ಗೀರು ಕಂಡರೆ ಯಾರ ಕೈ ಎಂದು ನಾನು ಕೇಳುವುದಿಲ್ಲ, ಪಾಪ, ಅವರೇ ಕಣ್ಣು ತಪ್ಪಿಸುತ್ತಾರೆ.

ಎಲ್ಲ ತಪ್ಪೂ ಮ್ಯಾಗಜೀನಿನದೇ ಎನ್ನಲಾರೆ. ಹಿಡಿದ ಹೆಬ್ಬೆರಳು ಸ್ಟಾಪಿನ ಮೇಲೆ ಕುಳಿತಿರಬಹುದು. ಕಡಿಮೆ ಬಲದ ಗುಂಡಿಗೆ ಸ್ಲೈಡ್ ಪೂರ್ತಿ ಹಿಂದೆ ಬಾರದಿರಬಹುದು. ಮಾದರಿಯಿಂದ ಮಾದರಿಗೆ ಜೋಡಣೆಯೂ ಬೇರೆ. ಆದರೂ ಪಿಸ್ತೂಲು ಖಾಲಿಯೆಂದು, ಗುಂಡು ಕೂರುವ ಚೇಂಬರನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು, ಖಾಲಿ ಮ್ಯಾಗಜೀನ್ ಹಾಕಿ, ಸ್ಲೈಡನ್ನು ಕೈಯಿಂದ ಹಿಂದಕ್ಕೆಳೆಯಿರಿ. ಆಮೇಲೆ ಬೇರೊಂದು ಮ್ಯಾಗಜೀನಿನಲ್ಲಿ ಅದನ್ನೇ ಮಾಡಿ. ಅದರಲ್ಲಿ ಸ್ಲೈಡ್ ಹಿಂದೆ ನಿಂತರೆ, ತಪ್ಪು ಮೊದಲ ಮ್ಯಾಗಜೀನಿನದು. ಇಷ್ಟಕ್ಕೆ ಎರಡು ನಿಮಿಷ ಸಾಕು.

ಒಬ್ಬರು ಆ ಎರಡು ನಿಮಿಷದ ಬದಲು ಅರ ಹಿಡಿದಿದ್ದರು. ಮೂಗು ಸರಾಗವಾಗಿ ಏರಲಿ ಎಂದು ಅದನ್ನೇ ಉಜ್ಜಿದ್ದರು. ಉಜ್ಜಿದ ಮೇಲೆ ಫಾಲೋವರಿನ ಅಂಚು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಎರಡನೆಯ ಮ್ಯಾಗಜೀನ್ ಅವರ ಜೇಬಿನಲ್ಲಿತ್ತು. ‘ಇದರಲ್ಲಿ ಮೊದಲು ಚೆನ್ನಾಗಿಯೇ ನಿಲ್ಲುತ್ತಿತ್ತು’ ಎಂದರು.