ಸಿ.ವಿ.ಯಲ್ಲಿ ತೆಳುವಾದ ಆ ಎರಡು ವರ್ಷ

ನಾನು ಜೀವಶಾಸ್ತ್ರದ ಲ್ಯಾಬ್ ನಡೆಸುತ್ತೇನೆ, ನೇಮಕಾತಿ ಸಮಿತಿಗಳಲ್ಲೂ ಕೂರುತ್ತೇನೆ. ಅರ್ಜಿಗಳಲ್ಲಿ 2020 ಮತ್ತು 2021ರ ಸಾಲುಗಳು ತೆಳುವಾಗಿದ್ದರೆ, ಅಂದರೆ ಆ ವರ್ಷಗಳ ಪ್ರಕಟಣೆಗಳು ಕಡಿಮೆ ಇದ್ದರೆ, ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಕೊರೋನಾ ಎಲ್ಲರಿಗೂ ಬಂದಿತ್ತಲ್ಲ." ಬಂದಿದ್ದು ನಿಜ. ಆದರೆ ಮನೆಯಿಂದ ಕೆಲಸ ಮಾಡೋದು ಎಲ್ಲರಿಗೂ ಒಂದೇ ಥರ ಇರಲಿಲ್ಲ.

2020ರ ಏಪ್ರಿಲ್‌ನಲ್ಲಿ ಅಮೆರಿಕ, ಯುರೋಪಿನ ಸುಮಾರು 4,500 ವಿಜ್ಞಾನಿಗಳನ್ನು ಒಂದು ಸಮೀಕ್ಷೆ ಮಾತಾಡಿಸಿತು. ವಾರಕ್ಕೆ ಸರಾಸರಿ 61 ಗಂಟೆ ಇದ್ದ ಕೆಲಸ 54ಕ್ಕೆ ಇಳಿದಿತ್ತು. ಲ್ಯಾಬ್‌ನಲ್ಲೇ ನಿಂತು ಪ್ರಯೋಗ ಮಾಡಬೇಕಾದವರಿಗೆ ಪೆಟ್ಟು ಜೋರು. ಕಂಪ್ಯೂಟರ್ ಸಾಕಾಗುವವರಿಗೆ ಅಷ್ಟಿಲ್ಲ. ಉಳಿದದ್ದೆಲ್ಲ ಸಮ ಇದ್ದರೂ ಸಂಶೋಧನೆಯ ಸಮಯ ಮಹಿಳೆಯರಿಗೆ ಶೇ 5ರಷ್ಟು ಹೆಚ್ಚು ಕುಸಿದಿತ್ತು. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದವರಿಗೆ ಶೇ 17ರಷ್ಟು ಹೆಚ್ಚು. ಚಿಕ್ಕ ಮಗುವಿರುವ ಅಪ್ಪಂದಿರಿಗೂ ಕಷ್ಟವಾಗಿತ್ತು. ಆದರೆ ಆ ಮಗುವಿನ ಹೊಣೆ ಯಾರ ಮೇಲೆ ಜಾಸ್ತಿ ಬೀಳುತ್ತದೆ ಅಂತ ನಮಗೆಲ್ಲ ಗೊತ್ತೇ ಇದೆ, ಅಲ್ವಾ?

ನಮ್ಮ ದೇಶದ ಲೆಕ್ಕವೂ ಇದೆ. ಕೊರೋನಾಕ್ಕೆ ಮೊದಲೇ, 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರೂ ಕೊಡುತ್ತಿದ್ದದ್ದು 97 ನಿಮಿಷ ಮಾತ್ರ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕೆಲಸದವರು ಬರೋದು ನಿಂತಿತು. ಶಾಲೆ ಮನೆಯೊಳಗೆ ಬಂತು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಹೋಗಿದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಅಷ್ಟು ತಿಂಗಳು ಬಹಳಷ್ಟು ಮನೆಗಳಲ್ಲಿ ಟೀಚರ್ ಆದದ್ದು ಅಮ್ಮನೇ.

ವಿಜ್ಞಾನದ ಕೆಲಸದಲ್ಲಿ ಒಟ್ಟು ಗಂಟೆ ಎಷ್ಟು ಅನ್ನೋದಕ್ಕಿಂತ ಅವು ಒಟ್ಟಿಗೆ ಸಿಕ್ಕಿದವೇ ಅನ್ನೋದು ಮುಖ್ಯ. ಆನ್‌ಲೈನ್ ಪಾಠ, ಮೀಟಿಂಗ್, ವಿದ್ಯಾರ್ಥಿಯ ಡ್ರಾಫ್ಟ್ ತಿದ್ದೋದು, ಇವನ್ನೆಲ್ಲ ತುಂಡು ತುಂಡು ಸಮಯದಲ್ಲಿ ಹೇಗೋ ಮುಗಿಸಬಹುದು. ಒಂದು ಸಂಶೋಧನಾ ಪೇಪರ್‌ನ ವಾದ ಕಟ್ಟೋದಕ್ಕೆ, ಹೊಸ ಪ್ರಾಜೆಕ್ಟ್ ಯೋಚಿಸೋದಕ್ಕೆ ಯಾರೂ ಕರೆಯದ ಮೂರು ಗಂಟೆ ಬೇಕು. ಮೊದಲು ಕೈತಪ್ಪಿದ್ದು ಅದೇ. ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ 2,300ಕ್ಕೂ ಹೆಚ್ಚು ಸಂಶೋಧನಾ ಪತ್ರಿಕೆಗಳಿಗೆ 2020ರ ಫೆಬ್ರವರಿಯಿಂದ ಮೇವರೆಗೆ ಬಂದ ಪೇಪರ್‌ಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ 30 ಹೆಚ್ಚಾಗಿದ್ದವು. ಆ ಏರಿಕೆಯಲ್ಲಿ ಮಹಿಳೆಯರ ಪಾಲು ಕಡಿಮೆ. ಅದರಲ್ಲೂ ವೃತ್ತಿಯ ಆರಂಭದಲ್ಲಿದ್ದ ಮಹಿಳೆಯರು ಹಿಂದೆ ಬಿದ್ದರು.

ಹಾಗಂತ ಮನೆಯಿಂದ ಕೆಲಸ ಮಾಡೋದೇ ತಪ್ಪು ಅನ್ನೋದನ್ನು ನಾನು ಒಪ್ಪುವುದಿಲ್ಲ. 704 ಸಂಶೋಧಕರ ಇನ್ನೊಂದು ಸಮೀಕ್ಷೆಯಲ್ಲಿ ಶೇ 47 ಜನ ಲಾಕ್‌ಡೌನ್‌ನಲ್ಲಿ ಕೆಲಸ ಕುಂಠಿತವಾಯಿತು ಅಂದರು, ಶೇ 23 ಜನ ಚೆನ್ನಾಗಿ ಆಯಿತು ಅಂದರು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಇದ್ದರೆ ಮನೆ ಒಳ್ಳೆಯ ಜಾಗವೇ.

ಪರಿಹಾರ ಹುಡುಕುವಾಗ ಒಂದು ಎಚ್ಚರ ಬೇಕು. "ಕಾಯಂ ಆಗೋದಕ್ಕೆ ಎಲ್ಲರಿಗೂ ಒಂದು ವರ್ಷ ಹೆಚ್ಚು ಕೊಡೋಣ" ಅನ್ನೋದು ನ್ಯಾಯವಾಗಿ ಕಾಣುತ್ತದೆ. ಅಮೆರಿಕದ ಅಗ್ರ 50 ಅರ್ಥಶಾಸ್ತ್ರ ವಿಭಾಗಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳಿತು. ಅಲ್ಲಿ ಮಗು ಹುಟ್ಟಿದಾಗ ಅಪ್ಪ, ಅಮ್ಮ ಇಬ್ಬರಿಗೂ ಹೆಚ್ಚು ಸಮಯ ಕೊಡುವ ನಿಯಮ ತಂದಿದ್ದರು. ಗಂಡಸರು ಆ ಸಮಯದಲ್ಲಿ ಇನ್ನಷ್ಟು ಪೇಪರ್ ಮಾಡಿದರು. ಕಾಯಂ ಆಗುವ ಅವಕಾಶ ಅವರಿಗೆ ಹೆಚ್ಚಿತು, ಮಹಿಳೆಯರಿಗೆ ಕಡಿಮೆಯಾಯಿತು.

ನಮ್ಮ ಸಮಿತಿಗಳಲ್ಲಿ ನಾನು ಕೇಳುವುದು ಇಷ್ಟು. ಅರ್ಜಿಯ ನಮೂನೆಯಲ್ಲೇ ಆ ವರ್ಷಗಳ ಆರೈಕೆಯ ಹೊಣೆ ಬರೆಯಲು ಜಾಗ ಇಡಿ. ಸಂದರ್ಶನದಲ್ಲಿ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಮುಜುಗರ ಅಭ್ಯರ್ಥಿಗಳಿಗೆ ಬೇಡ. ಒಟ್ಟು ಪೇಪರ್ ಎಣಿಸುವ ಬದಲು ಅತ್ಯುತ್ತಮ ಮೂರನ್ನು ಓದಿ. ಅಂಥ ಹೊಣೆ ಹೊತ್ತವರನ್ನು ಆಯ್ಕೆ ಮಾಡಿದ ಮೇಲೆ ಶುರುವಿನಲ್ಲೇ ಒಬ್ಬ ಲ್ಯಾಬ್ ಟೆಕ್ನೀಷಿಯನ್ ಕೊಡಿ. ಕೊರೋನಾ ಹೊತ್ತಿಗೆ ಪಿಎಚ್‌ಡಿ ಮುಗಿಸಿದವರು ಈಗ ಅಧ್ಯಾಪಕ ಹುದ್ದೆಗಳಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿದ್ದಾರೆ. ಹಲವು ಹುದ್ದೆಗಳಿಗೆ, ಫೆಲೋಶಿಪ್‌ಗಳಿಗೆ ವಯೋಮಿತಿ ಇದೆ. ಆ ಮಿತಿಯಲ್ಲೂ ಈ ಎರಡು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.