ರಾಜ ಹಾಕದ ಸಹಿ

1922ರ ಅಕ್ಟೋಬರ್ 28. ಇಟಲಿಯ ಅಧಿಕಾರ ಹಿಡಿಯಲು ಹೊರಟ ಮುಸೊಲಿನಿಯ ಪಕ್ಷದವರು, ಕಪ್ಪಂಗಿ ತೊಟ್ಟ ಸಾವಿರಾರು ಫ್ಯಾಸಿಸ್ಟರು ರೋಮ್ ನಗರದ ಹೊರಗೆ ಮಳೆಯಲ್ಲಿ ನೆನೆಯುತ್ತಾ ಕಾದಿದ್ದರು. ಬಂದೂಕು ಇರಲಿ, ಊಟವೂ ಸಾಕಷ್ಟಿರಲಿಲ್ಲ. ಸೈನ್ಯ ಮನಸ್ಸು ಮಾಡಿದ್ದರೆ ಚದುರಿಸಬಹುದಿತ್ತು. ಪ್ರಧಾನಿ ಲುಯಿಜಿ ಫಾಕ್ತಾ ಸೇನಾಡಳಿತದ ಆದೇಶ ಹಿಡಿದು ರಾಜನ ಬಳಿ ಹೋದರು. ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ.

ಮುಸೊಲಿನಿ ಆಗ ಎಲ್ಲಿದ್ದ? ದೂರದ ಮಿಲಾನ್‌ನಲ್ಲಿ. ರಾಜನ ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿದ. 30ರಂದು ರೋಮ್‌ನಲ್ಲಿ ಇಳಿದು ಪ್ರಧಾನಿಯಾದ. ಇದನ್ನು ‘ರೋಮ್ ದಂಡಯಾತ್ರೆ’ ಅಂತಾರೆ. ಒಳಗಿದ್ದವರೇ ಚಿಲಕ ತೆಗೆದ ಮೇಲೆ ಅದು ದಂಡಯಾತ್ರೆ ಹೇಗಾಗುತ್ತೆ?

1919ರ ಚುನಾವಣೆಯಲ್ಲಿ ಇದೇ ಮುಸೊಲಿನಿ ಹೀನಾಯವಾಗಿ ಸೋತಿದ್ದ. ಅವನನ್ನು ಮೇಲೆತ್ತಿದ್ದು ಹಣವಂತರ ಭಯ. 1920ರಲ್ಲಿ ಕಾರ್ಮಿಕರು ಉತ್ತರ ಇಟಲಿಯ ಕಾರ್ಖಾನೆಗಳನ್ನು ವಶ ಮಾಡಿಕೊಂಡಾಗ, ರಷ್ಯಾದ ಕ್ರಾಂತಿ ಇಲ್ಲಿಗೂ ಬಂತು ಅಂತ ಈ ಹಣವಂತರು ನಡುಗಿದರು. ಪೋ ನದಿ ಬಯಲಿನ ಜಮೀನ್ದಾರರು ಫ್ಯಾಸಿಸ್ಟ್ ಗುಂಪುಗಳಿಗೆ ದುಡ್ಡು ಕೊಟ್ಟರು. ಆ ಗುಂಪುಗಳು ಕೂಲಿಕಾರರ ಸಂಘಗಳ ಕಚೇರಿ ಸುಟ್ಟವು. ಎದುರಾಳಿಗಳನ್ನು ಹಿಡಿದು ಹರಳೆಣ್ಣೆ ಕುಡಿಸಿದವು. ಆಗಿನ ಪ್ರಧಾನಿ, ರಾಜಕೀಯದ ಹಳೆ ಹುಲಿ ಜೊಲಿತ್ತಿ, ಇವರನ್ನು ಪಳಗಿಸಬಹುದು ಅಂದುಕೊಂಡು 1921ರಲ್ಲಿ ತಮ್ಮ ಚುನಾವಣಾ ಕೂಟಕ್ಕೆ ಸೇರಿಸಿಕೊಂಡರು. ಫ್ಯಾಸಿಸ್ಟರಿಗೆ 35 ಸೀಟು ಸಿಕ್ಕಿತು.

ಆಮೇಲಿನ ಹೆಜ್ಜೆಗಳಿಗೂ ಕಾನೂನಿನ ಮುದ್ರೆ ಇತ್ತು. ಶೇ. 25 ಮತ ಪಡೆದು ಮೊದಲ ಸ್ಥಾನಕ್ಕೆ ಬಂದವರಿಗೆ ಮೂರರಲ್ಲಿ ಎರಡು ಪಾಲು ಸೀಟು ಎಂದಿತು 1923ರ ಅಚೆರ್ಬೊ ಕಾನೂನು. ಅದನ್ನು ಒಪ್ಪಿದ ಸಂಸತ್ತಿನಲ್ಲಿ ಫ್ಯಾಸಿಸ್ಟರು ಬೆರಳೆಣಿಕೆಯಷ್ಟಿದ್ದರು!

ಮುಂದಿನ ಚುನಾವಣೆಯ ಹಿಂಸೆ, ಮೋಸಗಳನ್ನು 1924ರ ಮೇ 30ರಂದು ಸಂಸತ್ತಿನಲ್ಲಿ ಬಿಚ್ಚಿಟ್ಟವರು ಸಮಾಜವಾದಿ ಜಾಕೊಮೊ ಮತ್ತೆಯೊತ್ತಿ. ಎಷ್ಟು ಧೈರ್ಯ ಬೇಕು, ಅಲ್ವಾ? ಜೂನ್ 10ರಂದು ಅವರನ್ನು ರೋಮ್‌ನ ರಸ್ತೆಯಿಂದಲೇ ಕಾರಿಗೆ ಎಳೆದೊಯ್ದು ಕೊಂದರು. ಶವ ಸಿಕ್ಕಿದ್ದು ಆಗಸ್ಟ್‌ನಲ್ಲಿ. ದೇಶವೇ ಸಿಟ್ಟಿಗೆದ್ದಿತು. ವಿರೋಧ ಪಕ್ಷಗಳು ಸಂಸತ್ತಿನಿಂದ ಹೊರನಡೆದು, ರಾಜ ಈಗಲಾದರೂ ಏನಾದರೂ ಮಾಡ್ತಾನೆ ಅಂತ ಕಾದವು. ರಾಜ ಸುಮ್ನೆ ಕೂತ. 1925ರ ಜನವರಿ 3ರಂದು ಮುಸೊಲಿನಿ, ನಡೆದದ್ದಕ್ಕೆಲ್ಲ ತಾನೇ ಹೊಣೆ ಎಂದು ಸಂಸತ್ತಿಗೇ ಸವಾಲು ಹಾಕಿದ. 1926ರ ಕೊನೆಗೆ ಬೇರೆ ಪಕ್ಷಗಳೇ ಉಳಿಯಲಿಲ್ಲ.

‘ಟೋಟಲಿಟೇರಿಯನ್’, ಅಂದರೆ ಬದುಕಿನ ಎಲ್ಲವನ್ನೂ ಸರ್ಕಾರವೇ ಹಿಡಿತದಲ್ಲಿಟ್ಟುಕೊಳ್ಳುವ ಆಡಳಿತ ಎಂಬ ಅರ್ಥದ ಪದ, ಹುಟ್ಟಿದ್ದೂ ಇಟಲಿಯಲ್ಲೇ. ವಿರೋಧ ಪಕ್ಷದ ಜೊವಾನ್ನಿ ಅಮೆಂಡೊಲಾ 1923ರಲ್ಲಿ ಫ್ಯಾಸಿಸ್ಟರನ್ನು ಟೀಕಿಸಲು ಅದನ್ನು ಬಳಸಿದರು. ಮುಸೊಲಿನಿ ಅದನ್ನೇ ಹೆಮ್ಮೆಯಿಂದ ತನ್ನದಾಗಿಸಿಕೊಂಡ. ಫ್ಯಾಸಿಸ್ಟರಿಂದ ಏಟು ತಿಂದ ಅಮೆಂಡೊಲಾ 1926ರಲ್ಲಿ ತೀರಿಕೊಂಡರು.

1931ರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಈ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆದೇಶ ಬಂತು. ಸುಮಾರು 1,200 ಮಂದಿಯಲ್ಲಿ ಒಲ್ಲೆ ಅಂದವರು 12ರ ಆಸುಪಾಸು.